ದಲ್ಲಾಳಿಯ ಹೆಂಡತಿಯ ನೋವು ಹತ್ತಕ್ಕೆ ಎಷ್ಟು

ಈ ದನದ ದಲ್ಲಾಳಿಯ ಮುತ್ತಜ್ಜ ಸಾಮಾನ್ಯದವನಲ್ಲ. ಕಳುವಾದ ಎತ್ತನ್ನು ಅದರ ಒಡೆಯನಿಗೇ ಮಾರಿ, ‘ಥೇಟ್ ನಮ್ಮ ಎತ್ತಿನ ಹಾಗೇ ಇದೆ’ ಎಂದು ಅವನಿಂದಲೇ ಹೊಗಳಿಸಿಕೊಂಡು ಬಂದವನು. ಅಜ್ಜ, ಮಾತು ಬಿಟ್ಟ ಅಣ್ಣತಮ್ಮಂದಿರ ಕೈಗಳನ್ನು ಒಂದೇ ಟವೆಲಿನ ಕೆಳಗೆ ಸೇರಿಸಿ ವ್ಯಾಪಾರ ಕುದುರಿಸಿದವನು. ಟವೆಲು ತೆಗೆದ ಮೇಲೆ ಅವರು ಮತ್ತೆ ಮಾತು ಬಿಟ್ಟರು, ಅದು ಬೇರೆ ವಿಷಯ. ಅಪ್ಪನಂತೂ ಗೊಡ್ಡು ಹಸುವನ್ನು ‘ಕರುವಿನ ಕಾಟವೇ ಇಲ್ಲದ ಸಾಧು ಪ್ರಾಣಿ’ ಎಂದು ದಾಟಿಸಿದ ಗಟ್ಟಿಗ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನ ಕೈ, ಕೊಳ್ಳುವವನ ಕೈ ಎರಡನ್ನೂ ದಲ್ಲಾಳಿ ತನ್ನ ಹೆಗಲ ಟವೆಲಿನಿಂದ ಮುಚ್ಚುತ್ತಾನೆ; ಒಳಗೆ ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಬಾಯಿಮಾತು ಸುತ್ತ ನಿಂತವರಿಗೆ, ಬೆರಳಮಾತು ಕೆಲಸಕ್ಕೆ.

ಹೆಂಡತಿಯ ತವರು ಇದಕ್ಕೆ ತದ್ವಿರುದ್ಧ. ದಿನಸಿ ಅಂಗಡಿಯವರು, ‘ಒಂದೇ ಮಾತಿನವರು’ ಎಂದು ಹೆಸರಾದವರು. ತಕ್ಕಡಿಯ ಮುಳ್ಳು ನಡುವೆ ನಿಲ್ಲುವವರೆಗೆ ಅವಳಪ್ಪ ಉಸಿರು ಬಿಡುತ್ತಿರಲಿಲ್ಲವಂತೆ, ಗಾಳಿಗೆ ತಟ್ಟೆ ಅಲುಗೀತೆಂದು. ಮದುವೆಗೆ ಎಷ್ಟು ಜನ ಬರುತ್ತೀರಿ ಎಂದು ಕೇಳಿದ್ದಕ್ಕೆ ಗಂಡಿನ ಕಡೆಯವರು ಐನೂರು ಎಂದರು, ಕಡಿಮೆ ಮಾಡಿ ಎನ್ನಿಸಿಕೊಳ್ಳಲೆಂದೇ. ಇವರು ಐನೂರು ಜನಕ್ಕೂ ಅಡುಗೆ ಮಾಡಿಸಿ ದಾರಿ ನೋಡುತ್ತ ಕುಳಿತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸಂಸಾರ ಶುರುವಾದದ್ದು ಹಾಗೆ. ಆದರೂ ನಡೆಯಿತು. ಅವನು ಕಟ್ಟಿದ್ದನ್ನು ಅವಳು ಬಿಚ್ಚಿ ತೂಗುತ್ತಿದ್ದಳು, ಅವಳು ತೂಗಿದ್ದಕ್ಕೆ ಅವನು ಒಂದು ಹಿಡಿ ಸೇರಿಸಿ ಊರಿಗೆ ಹೇಳುತ್ತಿದ್ದ.

ಅವಳಿಗೆ ಸಂಧಿವಾತ ಅಂಟಿಕೊಂಡು ವರ್ಷಗಳಾಗಿದ್ದವು. ಬೇಡದ ನೆಂಟನ ಹಾಗೆ ಬರುವುದು, ಇರುವುದು, ಹೋದೆ ಎನ್ನಿಸಿ ಮತ್ತೆ ಬರುವುದು. ಈ ಸಲ ಮೊಣಕಾಲು ಗಡಿಗೆಯಂತೆ ಊದಿಕೊಂಡು ಆಸ್ಪತ್ರೆ ಸೇರಿದಳು. ಡಾಕ್ಟರಮ್ಮ ಕಾಲಿನ ನೀರು ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯೋ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇನ್ನು ರೋಗಿಯ ಬಾಯಿಮಾತೇ ಗತಿ. ನೋವು ಇನ್ನೂ ಜೋರಾಗಿದ್ದರೆ ಉಳಿಸಿಕೊಂಡು ನರಕ್ಕೆ ದೊಡ್ಡ ಮದ್ದು ಹಾಕುವುದು, ಇಲ್ಲವಾದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುವುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿ, ಮೊಣಕಾಲಿನ ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರು.

ಹೆಂಡತಿ ಕಣ್ಣು ಮುಚ್ಚಿದಳು. ಮುಳ್ಳು ನಿಲ್ಲಲಿ ಎನ್ನುವ ಹಾಗೆ ಸ್ವಲ್ಪ ಹೊತ್ತು ಕಾದು, “ಎರಡು” ಎಂದಳು.

ದಲ್ಲಾಳಿ ಕೂತಲ್ಲಿಂದ ಎದ್ದ. ಹೋದ ಸಲವೂ ಇದೇ ‘ಎರಡು’ ಹೇಳಿ ಮನೆಗೆ ಬಂದು, ಒಂದು ಇಡೀ ಬೇಸಿಗೆ ಚೊಂಬು ಎತ್ತಲಾಗದೆ ಕೂತಿದ್ದಳು. ತಲೆ ಬಾಚಿದ್ದು ಇವನೇ. ಇವನು ಹೆಣೆದ ಜಡೆ ಸಂತೆಯಲ್ಲಿ ಸಿಂಗರಿಸಿದ ಹಸುವಿನ ಬಾಲದಂತಿರುತ್ತಿತ್ತು, ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು.

ಅವನು ಮುಂದೆ ಬಂದು, ಇವಳ ಮಾತು ಕಟ್ಟಿಕೊಳ್ಳಬೇಡಿ ತಾಯಿ, ಹದಿನಾಲ್ಕು ಬರೆದುಕೊಳ್ಳಿ ಎಂದ. ಹತ್ತಕ್ಕೆ ಹದಿನಾಲ್ಕು ಹೇಗೆ ಬರುತ್ತದೆ ಎಂದು ಡಾಕ್ಟರಮ್ಮ ಕೇಳಿದರು. ಹಾಗಾದರೆ ನಿಮ್ಮ ಮುಖ ನೋಡಿ ಹನ್ನೆರಡು ಎಂದ. ಅವರು ಪೆನ್ನು ಎತ್ತಿ ಹಾಗೇ ನಿಂತರು. ಹನ್ನೊಂದಕ್ಕೆ ಇಳಿದು, ಇದಕ್ಕಿಂತ ಕೆಳಗೆ ಗಿಟ್ಟುವುದಿಲ್ಲ ಎಂದು ಎದೆ ಮುಟ್ಟಿಕೊಂಡ. ಪಕ್ಕದ ಮಂಚದಲ್ಲಿ ಕೆಮ್ಮಿಗೆಂದು ಸೇರಿದ್ದ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು, ಹಾಗಾದರೆ ತನ್ನದೂ ಹನ್ನೊಂದೇ ಎಂದು ಕೂಗಿತು. ಆಚೆಯ ಸಾಲಿನಿಂದ ಒಬ್ಬಳು ಒಂಬತ್ತೂವರೆ ಅಂದಳು. ನರ್ಸಮ್ಮ ಇದು ಆಸ್ಪತ್ರೆಯೋ ಹರಾಜುಕಟ್ಟೆಯೋ ಎಂದು ಗದರಿ ಎಲ್ಲರನ್ನೂ ಮಲಗಿಸಿದರು. ಡಾಕ್ಟರಮ್ಮ ರೋಗಿ ಹೇಳಿದ್ದನ್ನೇ ಬರೆದುಕೊಂಡು, ನಾಳೆ ಡಿಸ್ಚಾರ್ಜ್ ಎಂದು ಹೋದರು.

ಅವರು ಅತ್ತ ಹೋದದ್ದೇ ದಲ್ಲಾಳಿ ತಲೆ ಚಚ್ಚಿಕೊಂಡ. ಪ್ರಪಂಚದಲ್ಲಿ ಯಾರಾದರೂ ಎರಡರಿಂದ ಶುರು ಮಾಡುತ್ತಾರೆಯೇ? ಕಡೇಪಕ್ಷ ಏಳು ಅನ್ನಬಾರದಾಗಿತ್ತೇ?

“ಏಳು ಅಂದ್ಮೇಲೆ ಮುಂದಕ್ಕೆ ಉಳಿಯೋದು ಮೂರೇ ಅಲ್ವೇನ್ರೀ,” ಎಂದಳು ಅವಳು. “ಇನ್ನೂ ಬಾಳೋದಿದೆ. ಈಗ್ಲೇ ಖರ್ಚು ಮಾಡ್ಕೊಂಡು ಕೂತ್ರೆ ಆಮೇಲೆ ಏನು ಹೇಳ್ಲಿ?”

ಅಂಕಿ ಬೇಡ, ನರಳುವುದನ್ನಾದರೂ ಕಲಿ ಎಂದು ದಲ್ಲಾಳಿ ಪಾಠಕ್ಕೆ ಕೂತ. ಅವಳು ಒಂದು ಸಲ ನರಳಿದಳು; ಗಂಟಲು ಸರಿಮಾಡಿಕೊಂಡ ಹಾಗಿತ್ತು. ಹಾಗಲ್ಲ ಕಣೇ, ಹೀಗೆ ಎಂದು ತಾನೇ ಹೊಟ್ಟೆಯ ಆಳದಿಂದ ನರಳಿ ತೋರಿಸಿದ. ವಂಶದ ಗಂಟಲು, ಕೇಳಬೇಕೆ? ನರ್ಸಮ್ಮ ಮತ್ತೊಬ್ಬರನ್ನು ಕರೆದುಕೊಂಡು ಗಾಡಿ ತಳ್ಳುತ್ತ ಓಡಿ ಬಂದರು. ಇವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಕುರ್ಚಿಗೆ ಒರಗಿಸಿ, ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದೊತ್ತಡ ನಿಜವಾಗಿಯೂ ಏರಿತ್ತು. ನಾಲಿಗೆಯ ಮೇಲೆ ಮಾತ್ರೆ ಇಟ್ಟು, ಅಲುಗಾಡಬೇಡಿ ಎಂದು ತಾಕೀತು ಮಾಡಿ ಹೋದರು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಸ್ಪತ್ರೆ ಸೇರಿದ ಮೇಲೆ ನಕ್ಕದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದಾಗ ದಲ್ಲಾಳಿ ಯಾವ ಅಂಕಿಯನ್ನೂ ಕೂಗಲಿಲ್ಲ. ಹೆಗಲಿನ ಟವೆಲು ತೆಗೆದು ಕೊಡವಿ, ತಾಯಿ, ಒಂದು ಗಳಿಗೆ ನಿಮ್ಮ ಕೈ ಕೊಡಿ ಎಂದು ಸಂತೆಯ ಪದ್ಧತಿಯನ್ನು ವಿವರಿಸಿದ. ಇವಳು ಎಷ್ಟು ಬೆರಳು ಹಿಡಿಯುತ್ತಾಳೋ ಅಷ್ಟು. ಎರಡು ಸಲ ಒತ್ತಿದರೆ ಅದರ ಎರಡರಷ್ಟು. ಬೆರಳಲ್ಲಿ ಸುಳ್ಳು ಹೇಳಿದವರು ಇಲ್ಲ. ಡಾಕ್ಟರಮ್ಮನಿಗೆ ಇನ್ನೂ ಅರ್ಧ ವಾರ್ಡು ನೋಡುವುದಿತ್ತು. ವಾದ ಮಾಡುವುದಕ್ಕಿಂತ ಕೈ ಕೊಡುವುದೇ ಬೇಗ ಮುಗಿಯುತ್ತದೆ ಎನ್ನಿಸಿತೋ ಏನೋ, ಕೈ ಚಾಚಿದರು. ಹೆಂಡತಿ ಹೊದಿಕೆಯೊಳಗಿಂದ ಬಲಗೈ ತೆಗೆದಳು. ದಲ್ಲಾಳಿ ಎರಡನ್ನೂ ಮುಚ್ಚಿ, ರೂಢಿಯಂತೆ ಮುಖ ಆಚೆ ತಿರುಗಿಸಿ ನಿಂತ.

ಪಕ್ಕದ ಮಂಚದ ಅಜ್ಜಿ ಕೆಮ್ಮು ತಡೆದುಕೊಂಡು ನೋಡುತ್ತಿತ್ತು.

ಡಾಕ್ಟರಮ್ಮ ತಾವೇ ಟವೆಲು ಸರಿಸಿದರು. ಅವಳ ಕೈ ಅವರ ಬೆರಳುಗಳ ಮೇಲೆ ಅರ್ಧ ಮಡಿಚಿ ನಿಂತಿತ್ತು, ಪೂರ್ತಿ ಮುಚ್ಚಲು ಬರುತ್ತಿರಲಿಲ್ಲ. ಗಿಣ್ಣುಗಳು ಕೆಂಪಗೆ ಕಾದಿದ್ದವು. ಅವರು ಎಡಗೈಯನ್ನೂ ಹೊರಗೆ ತೆಗೆಸಿದರು. ಅದು ಇದಕ್ಕಿಂತ ಅತ್ತತ್ತ. ಇದು ಯಾವಾಗಿನಿಂದ, ಯಾಕೆ ಹೇಳಲಿಲ್ಲ ಎಂದು ಕೇಳಿದರು.

“ನೀವು ಮೊಣಕಾಲು ಕೇಳಿದ್ರಿ,” ಎಂದಳು. “ನೀರು ತೆಗೆದ್ಮೇಲೆ ಮೊಣಕಾಲಿಗೆ ಎರಡು ಸರಿಯಾದ ತೂಕ.”

ಡಾಕ್ಟರಮ್ಮ ದಲ್ಲಾಳಿಯ ಕಡೆ ತಿರುಗಿದರು. “ಯಜಮಾನ್ರೇ, ನಿನ್ನೆ ಹದಿನಾಲ್ಕು, ಹನ್ನೆರಡು ಅಂತ ಅಷ್ಟು ಕೂಗಿದ್ರಲ್ಲ. ಎಲ್ಲಿ ಅಂತ ಒಂದು ಸಲ ಹೇಳಿದ್ರೆ ಆಗ್ತಿತ್ತಲ್ಲ.”

ದಲ್ಲಾಳಿ ಹೆಂಡತಿಯ ಕೈಗಳನ್ನು ನೋಡಿದ. ಅವಳು ಎರಡು ಅಂಗೈಗಳ ನಡುವೆ ಲೋಟ ಅದುಮಿ ನೀರು ಕುಡಿಯುವುದನ್ನು ದಿನವೂ ನೋಡಿದ್ದ. ಆದರೆ ಮಾರುವಾಗ ಇಡೀ ದನವನ್ನು ಹೊಗಳುವುದೇ ಅವನ ಕಸುಬು. ಇಂಥ ಕಡೆ ಇಂಥ ಊನ ಎಂದು ಬೆರಳಿಟ್ಟು ತೋರಿಸುವುದು ಅವನ ವಂಶದಲ್ಲೇ ಇರಲಿಲ್ಲ.

ಡಿಸ್ಚಾರ್ಜ್ ನಿಂತಿತು. ಮಧ್ಯಾಹ್ನವೇ ದೊಡ್ಡ ಮದ್ದು ಹನಿಯತೊಡಗಿತು. ಒಳಗೆ ಎಷ್ಟು ಹಿಡಿದಳು ಎಂದು ದಲ್ಲಾಳಿ ಡಾಕ್ಟರಮ್ಮನ ಹಿಂದೆ ಬಾಗಿಲವರೆಗೂ ಹೋಗಿ ಕೇಳಿದ. ಟವೆಲಿನ ಒಳಗಿನದನ್ನು ಹೊರಗೆ ಹೇಳುವ ಪದ್ಧತಿ ಉಂಟೇ ಎಂದು ಅವರು ನಗುತ್ತ ಹೋಗಿಬಿಟ್ಟರು. ಹೆಂಡತಿಯನ್ನು ಕೇಳಿದರೆ, ಕೊಂಡವರಿಗೆ ಹೇಳಿಯಾಯಿತು, ದಲ್ಲಾಳಿಗೆ ಯಾಕೆ ಎಂದು ಗೋಡೆಯ ಕಡೆ ಹೊರಳಿದಳು.

ಸಂಜೆ ಅವಳ ತಮ್ಮ ಬಂದ. ಈಗ ದಿನಸಿ ಅಂಗಡಿ ನೋಡಿಕೊಳ್ಳುವವನು ಅವನೇ. ಭಾವನ ಕಣ್ಣು ಕೆಂಪಾದದ್ದು ಕಂಡು, ರಕ್ತದೊತ್ತಡದ ಸುದ್ದಿಯೂ ಕಿವಿಗೆ ಬಿದ್ದು, ಇನ್ನು ನಾಲ್ಕು ದಿನ ಅಕ್ಕನ ಹತ್ತಿರ ತಾನೇ ಇರುತ್ತೇನೆ, ನೀವು ಮನೆಗೆ ಹೋಗಿ ಕಾಲು ಚಾಚಿ ಎಂದು ಚೀಲ ಇಳಿಸಿದ. ಬಾಯಿಮಾತಿಗಲ್ಲ, ಹಾಸಿಗೆಯನ್ನೇ ತಂದಿದ್ದ. ಹೆಂಡತಿಯೂ ಹೋಗಿ ಅಂದಳು, ನರ್ಸಮ್ಮನಂತೂ ಎರಡು ಸಲ ಅಂದರು.

ದಲ್ಲಾಳಿ ಆ ಚೀಲವನ್ನು ಎತ್ತಿ ಬಾಮೈದನ ಹೆಗಲಿಗೇ ಮತ್ತೆ ತೊಡಿಸಿದ.

“ಬೇಡಪ್ಪ. ನಿನ್ನ ಮೇಲೆ ಸಿಟ್ಟಿಲ್ಲ, ಆದ್ರೆ ನೀನೂ ಅದೇ ಮನೆ ಕೂಸು. ನಾಳೆ ಅವರು ಕೈ ಕೇಳಿದ್ರೆ ನಿಮ್ಮಕ್ಕ ಕೈ ಮಾತ್ರ ಹೇಳ್ತಾಳೆ, ಭುಜ ಬಿದ್ದುಹೋಗಿದ್ರೂ ಸುಮ್ನಿರ್ತಾಳೆ. ನೀನು ಪಕ್ಕದಲ್ಲಿ ನಿಂತು ಹೌದು ಹೌದು ಅಂತೀಯ. ಈ ಮಂಚದ ಹತ್ರ ಒಬ್ಬ ಸುಳ್ಳ ಇರ್ಲೇಬೇಕು ಕಣೋ. ನೀನು ಹೋಗು, ಅಂಗಡಿ ನೋಡ್ಕೋ. ನಾನೇ ಇರ್ತೀನಿ.”