ರುಮಾಲಿನ ಇನ್ನೊಂದು ತುದಿ

ಅಜ್ಜಂಪುರದ ಕಡೆಯ ಹಳ್ಳಿಯೊಂದರಲ್ಲಿ ನಾನು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದಾಗ, ನನ್ನ ಮೂರನೇ ಕ್ಲಾಸಿನ ಹುಡುಗನೊಬ್ಬ ಎಮ್ಮೆ ಮೈ ತೊಳೆಯಲು ಹೋಗಿ ಕೆರೆಯಲ್ಲಿ ಮುಳುಗಿದ. ದಡದಿಂದ ಎರಡು ಮಾರು ದೂರ, ಅಷ್ಟೇ. ಏರಿಯ ಮೇಲೆ ನಾಲ್ಕು ಜನ ಗಂಡಸರಿದ್ದೆವು. ಒಬ್ಬರಿಗೂ ಈಜು ಬಾರದು. ಹಗ್ಗ, ಹಗ್ಗ ಎಂದು ಕೂಗಿದೆವು. ಊರಿಗೆ ಓಡಿದವನು ಹಗ್ಗ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕೂ ತಲೆಗಳ ಮೇಲೆ ಹತ್ತು ಹತ್ತು ಮೊಳದ ರುಮಾಲುಗಳಿದ್ದವು. ಬಿಚ್ಚಿ ಎಸೆಯಬಹುದೆಂದು ಯಾರಿಗೂ ಹೊಳೆಯಲಿಲ್ಲ. ನಾಲ್ವರಲ್ಲಿ ಓದಿದವನೆಂದರೆ ನಾನೊಬ್ಬನೇ. ಈಗಲೂ ನಾಚಿಕೆಯಾಗುತ್ತದೆ.

ಆ ಬೇಸಿಗೆಯಲ್ಲಿ ಬೆಸ್ತರ ಮುದುಕನೊಬ್ಬನಿಂದ ಬೈಸಿಕೊಂಡು ಈಜು ಕಲಿತೆ. ಶಾಲೆ ತೆರೆದ ಮೇಲೆ ಪ್ರತಿ ಶನಿವಾರ ಮಕ್ಕಳನ್ನು ಕೆರೆಗೆ ಕರೆದೊಯ್ದೆ. ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿ ಕೈಕಾಲು ಬಡಿಯುವುದನ್ನು ಹೇಳಿಕೊಟ್ಟೆ. ಮೊದಲ ಪಾಠ ಮಾತ್ರ ದಡದ ಮೇಲೆ: ಮುಳುಗುವವನ ಹತ್ತಿರ ಹಾರಬೇಡ, ರುಮಾಲು ಬಿಚ್ಚಿ ಎಸೆ, ಅಂಗಾತ ಅಲ್ಲ, ಬೋರಲು ಮಲಗಿ ಎಳೆ. ಅಭ್ಯಾಸಕ್ಕೆ ನನ್ನ ರುಮಾಲೇ.

ಮೇಷ್ಟ್ರು ಬರಿದಲೆಯಲ್ಲಿ ನಿಲ್ಲುತ್ತಾರೆಂದು ಊರೆಲ್ಲ ಗುಲ್ಲಾಯಿತು. ಪಟೇಲರು ಶಾಲೆಗೇ ಬಂದರು.

"ಸಾವಿನ ಮನೇಲಿ ಬಿಚ್ಚೋದು ಕಣ್ರೀ ರುಮಾಲ್ನ. ಮಕ್ಕಳಿಗೆ ಇದನ್ನ ಕಲಿಸ್ತೀರಲ್ಲ, ಏನ್ ಮೇಷ್ಟ್ರೇ ನೀವು?"

"ಸತ್ತ ಮೇಲೆ ಬಿಚ್ಚೋದನ್ನ ಸಾಯೋಕ್ ಮುಂಚೆ ಬಿಚ್ಚಿ ಅಂತೀನಿ, ಅಷ್ಟೇ," ಎಂದೆ. ಅವರು ನನ್ನ ಮೇಲೆ ಅರ್ಜಿ ಬರೆಸಿದರು.

ವಿಚಾರಣೆಗೆಂದು ಬಂದ ಶಾಲಾ ಇನ್ಸ್‌ಪೆಕ್ಟರು ನೆಟ್ಟಗೆ ಕೆರೆಗೇ ಬಂದರು. ನಾನು ದಡದಲ್ಲಿ ಬೋರಲು ಮಲಗಿದ್ದೆ.

"ಎದ್ದು, ರುಮಾಲು ಸುತ್ತಿಕೊಂಡು ಮಾತಾಡಿ."

"ಆಗೋದಿಲ್ಲ ಸ್ವಾಮಿ. ಇನ್ನೊಂದು ತುದೀಲಿ ಹುಡುಗ ಇದಾನೆ."

ಅವರು ಇನ್ನೊಮ್ಮೆ ಹೇಳಿದರು. ನಾನು ತಿರುಗಿಯೂ ನೋಡದೆ ಎಳೆದೆ. ಹುಡುಗ ಕೆಮ್ಮುತ್ತ ದಡ ಹತ್ತಿದ ಮೇಲೆ ಎದ್ದು, ಬರಿದಲೆಯಲ್ಲೇ ಅವರಿಗೆ ಕೈಮುಗಿದೆ. ಸುತ್ತಿಕೊಳ್ಳಲು ಬೇಕಾದಷ್ಟು ಹೊತ್ತಿತ್ತು, ಬೇಕೆಂದೇ ಸುತ್ತಿಕೊಳ್ಳಲಿಲ್ಲ.

ಸ್ವಲ್ಪ ದಿನದಲ್ಲೇ ಹುಕುಂ ಬಂತು. ಉದ್ಧಟತನಕ್ಕಾಗಿ ಲಕ್ಕವಳ್ಳಿಗೆ ವರ್ಗ. ಇನ್ನು ಮುಂದೆ ಮಕ್ಕಳನ್ನು ಕೆರೆಗೆ ಇಳಿಸಕೂಡದು. ಆ ಕಾಡಿನಲ್ಲಿ ಚಳಿಜ್ವರ ಬಂದರೆ ಬುದ್ಧಿಯೂ ಬಂದೀತೆಂದು ಅವರ ಲೆಕ್ಕ. ಚಳಿಜ್ವರವೇನೋ ಬಂತು. ಕಂಬಳಿ ಹೊದ್ದು ಮಲಗಿದ್ದಾಗ ಹುಕುಮನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಕೆರೆ ಎಂದಿತ್ತು. ಲಕ್ಕವಳ್ಳಿಯ ಪಕ್ಕದಲ್ಲೇ ಹರಿಯುವ ಭದ್ರಾ ಹೊಳೆಯ ಮಾತೇ ಇರಲಿಲ್ಲ.

ಬೇಸಿಗೆಗೆ ನೀರು ಇಳಿಯುವವರೆಗೆ ಕಾದು, ಅಲ್ಲಿಯ ಮಕ್ಕಳನ್ನು ಹೊಳೆಗೆ ಇಳಿಸಿದೆ.