ಹುಸೇನಮ್ಮ ಟೀಚರ ಕಾಗದದ ಕೈಗಳು

ಹುಸೇನಮ್ಮ ಟೀಚರು ಸಿಟ್ಟು ಬಂದಾಗ ಕಾಗದ ಕತ್ತರಿಸುತ್ತಿದ್ದರು. ಸಿಟ್ಟು ಬಾರದ ದಿನವೇ ಇರುತ್ತಿರಲಿಲ್ಲವಾದ್ದರಿಂದ ನಮ್ಮೂರ ಅಂಗನವಾಡಿಯಲ್ಲಿ ಕಾಗದದ ಕೆಲಸಕ್ಕೆ ಯಾವತ್ತೂ ಕೊರತೆ ಬೀಳಲಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬಸ್ಸು ನಿಲ್ಲುವ ಊರು ನಮ್ಮದು. ನಾನು ಅಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರ. ನನ್ನ ತರಗತಿಗೂ ಅವರ ಅಂಗನವಾಡಿಗೂ ನಡುವೆ ಇದ್ದದ್ದು ಒಂದು ಗೋಡೆ. ಅದು ದನಿ ತಡೆಯುವ ಪೈಕಿಯದಲ್ಲ. "ಲೇ ಖಾಜಾ, ಅಂಟು ತಿನ್ನಾಕಲ್ಲಲೇ, ಹಚ್ಚಾಕ!" ಎಂಬ ಘೋಷಣೆಯಿಂದಲೇ ನನ್ನ ಪಾಠ ಶುರುವಾಗುತ್ತಿತ್ತು. ಮೈದಾಹಿಟ್ಟಿನ ಅಂಟನ್ನು ಮಕ್ಕಳು ನೆಕ್ಕಿ ಮುಗಿಸುತ್ತವೆಂದು ಆಕೆ ಅದಕ್ಕೆ ಬೇವಿನೆಲೆಯ ರಸ ಬೆರೆಸಿದರು. ಮಕ್ಕಳು ಅದಕ್ಕೂ ಒಗ್ಗಿಕೊಂಡವು.

ಹಣೆಗೆ ಢಾಳಾದ ವಿಭೂತಿ, ಹೆಸರು ಹುಸೇನಮ್ಮ. ಮೊಹರಮ್ಮಿನಲ್ಲಿ ಕೂರಿಸುವ ಅಲಾಯಿ ದೇವರಿಗೆ ಹರಕೆ ಹೊತ್ತು ಪಡೆದ ಮಗಳೆಂದು ಹಡೆದವರು ಇಟ್ಟ ಹೆಸರು. ನಮ್ಮ ಕಡೆ ಇದನ್ನು ಯಾರೂ ವಿಶೇಷವೆಂದು ಬಗೆಯುವುದಿಲ್ಲ. ಬಗೆಯುತ್ತಿರಲಿಲ್ಲ ಎನ್ನಬೇಕೇನೋ.

ಆಕೆಯ ವಿದ್ಯೆ ಒಂದೇ. ಮಗುವಿನ ಅಂಗೈಯನ್ನು ಬಣ್ಣದ ಕಾಗದದ ಮೇಲೆ ಒತ್ತಿ ಹಿಡಿದು, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸುವುದು. ಯುಗಾದಿಗೆ ಹಸಿರು ಕೈಗಳೆಲ್ಲ ಮಾವಿನೆಲೆಯ ತೋರಣ. ಮೊಹರಮ್ಮಿಗೆ ಮಿರಿಮಿರಿ ಬೇಗಡೆಯ ಕೈಗಳು ಕಡ್ಡಿಯ ತುದಿಗೇರಿ ಅಲಾಯಿ ದೇವರ ಹಸ್ತದ ಲಾಂಛನ, ಪಂಜಾ. ಕಾಲುವೆ ದಂಡೆಯ ವಲಸಿಗರ ಕ್ಯಾಂಪಿನ ತೆಲುಗು ಮಕ್ಕಳ ಕ್ರಿಸ್‌ಮಸ್ಸಿಗೆ ಬಿಳಿ ಕೈಗಳು ಜೋಡಿಯಾಗಿ ದೇವದೂತರ ರೆಕ್ಕೆ.

"ಎಲ್ಲಾದಕ್ಕೂ ಕೈ ಯಾಕ್ರೀ ಟೀಚರ?" ಎಂದು ಒಮ್ಮೆ ಕೇಳಿದೆ.

"ಸರ್ಕಾರ ಕೊಡೋ ಸಾಮಾನಿನ್ಯಾಗ ಏನೂ ಬರಂಗಿಲ್ರಿ ಮಾಸ್ತರ. ಇದನ್ನಾದ್ರ ಹುಡುಗ್ರು ಮನಿಯಿಂದ ತರ್ತಾವ."

ತೊಂಬತ್ತರ ದಶಕ ಶುರುವಾದಾಗ ನಮ್ಮೂರಿಗೂ ಹೊಸ ತಿಳಿವಳಿಕೆ ಬಂತು. ಒಂದು ಮೊಹರಮ್ಮಿನ ಹೊತ್ತಿಗೆ ದೊಡ್ಡಬಸಪ್ಪ ಗೌಡರು ಅಂಗನವಾಡಿಗೆ ದಯಮಾಡಿಸಿ, ತಮ್ಮ ಮೊಮ್ಮಗ ಪಂಜಾ ಹಿಡಿದು ಕುಣಿಯುವುದನ್ನು ಕಂಡು, ಧರ್ಮ ಮುಳುಗಿತೆಂದು ಸಾರಿದರು. ಇದೇ ಗೌಡರು ಪ್ರಾಯದಲ್ಲಿ ಅಲಾಯಿ ದೇವರನ್ನು ಹೊತ್ತು ಊರೆಲ್ಲ ಕುಣಿದವರು. ಆಗ ಯಾವುದೂ ಮುಳುಗಿದ ವರದಿಯಿಲ್ಲ. ಮಸೀದಿ ಓಣಿಯ ಖಾದರಸಾಬರೂ ಹಿಂದೆ ಬೀಳಲಿಲ್ಲ. "ನಮ್ ಖಾಜಾಗ ತೋರಣ-ಗೀರಣ ಬ್ಯಾಡಮ್ಮಾ" ಎಂದರು. ಹೊಲದ ಬದುವಿನ ತಕರಾರಿನಲ್ಲಿ ಮಾತು ಬಿಟ್ಟಿದ್ದ ಈ ಇಬ್ಬರು ಹಿರಿಯರನ್ನು ಒಂದೇ ಅರ್ಜಿಗೆ ರುಜು ಮಾಡಿಸಿದ ಕೀರ್ತಿ ನಾಲ್ಕು ವರ್ಷದ ಮಕ್ಕಳದು.

ತನಿಖೆಗೆ ತಾಲ್ಲೂಕಿನಿಂದ ಇಲಾಖೆಯ ಸಾಹೇಬರು ಬಂದರು, ಜೊತೆಗೆ ಗೌಡರೂ. ಧಾರ್ಮಿಕ ವಸ್ತುಗಳನ್ನು ತೆಗೆಯಬೇಕೆಂದು ಅಪ್ಪಣೆಯಾಯಿತು. ಹುಸೇನಮ್ಮ ಬೇಗಡೆಯ ಕೈಗಳನ್ನೆಲ್ಲ ಬುಟ್ಟಿಗೆ ಹಾಕಿ ತಂದು ಅವರ ಮುಂದೆ ಸುರಿದರು.

"ತೆಗದೀನ್ರಿ. ಇದರಾಗ ಯಾವ ಕೈ ಯಾರ್ದು ಅಂತ ಆರಿಸಿ ಹೇಳ್ರಿ. ಅವರವರ ಧರ್ಮ ಅವರವರ ಮನಿಗೆ ಮುಟ್ಟಸ್ತೀನಿ."

ಸಾಹೇಬರು ಒಂದನ್ನು ತಿರುಗಿಸಿ ನೋಡಿ ಕೆಳಗಿಟ್ಟರು. ಗೌಡರು ಚಾಳೀಸು ಏರಿಸಿ, ಸಾಕಷ್ಟು ಹುಡುಕಿ, ಒಂದನ್ನು ಎತ್ತಿ ಹಿಡಿದರು. "ಇದು ನಮ್ ಹುಡುಗಂದು. ನಮ್ಮ ಮನೆತನದ ಕೈ ನಮಗ ಗೊತ್ತಾಗಂಗಿಲ್ಲೇನು?"

"ತಾತಾ, ಅದು ಖಾಜಾಂದು!" ಎಂದ ಮೊಮ್ಮಗ. "ನೋಡು, ಅವನ ಸಣ್ಣ ಬಳ್ಳು ಸೊಟ್ಟ ಐತಿ."

ಖಾಜಾ ಸೊಟ್ಟ ಬೆರಳನ್ನು ಹೆಮ್ಮೆಯಿಂದ ಎತ್ತಿ ತೋರಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಹುಸೇನಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಳುಗಿದ ಧರ್ಮವನ್ನು ಗೌಡರು ಹೇಗೋ ಸಹಿಸುತ್ತಿದ್ದರು. ಆ ನಗುವನ್ನು ಸಹಿಸಲಿಲ್ಲ. ತಿಂಗಳೊಳಗೆ ಆಕೆಯ ಕೆಲಸ ಹೋಯಿತು. ಮಕ್ಕಳಲ್ಲಿ ಶಿಸ್ತು ಸಾಲದು ಎಂಬುದು ಕಾರಣ. ನಾನು ಸಾಹೇಬರ ಬಳಿ ಹೋಗಿ ವಾದಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಮನೆಯವರ ಆರೋಗ್ಯ ವಿಚಾರಿಸುವ ದನಿಯಲ್ಲಿ, "ನಿಮ್ದು ಇನ್ನಾ ಎಷ್ಟ್ ಸರ್ವೀಸ್ ಐತ್ರಿ ಮಾಸ್ತರ?" ಎಂದರು.

ಕಾಗದದ ಕೈಗಳನ್ನು ಗೌಡರ ಆಳುಗಳು ಅಂಗನವಾಡಿಯ ಒಲೆಗೇ ಹಾಕಿದರು. ಅವತ್ತು ಮಕ್ಕಳ ಉಪ್ಪಿಟ್ಟು ಬೆಂದದ್ದು ಅದೇ ಉರಿಯಲ್ಲಿ. ಇದನ್ನು ಬರೆಯುವಾಗ ವಿನೋದದ ಧಾಟಿ ಕೈಗೆ ಬರುವುದಿಲ್ಲ, ಕ್ಷಮಿಸಬೇಕು. ಗೌಡರು ಈಗಿಲ್ಲ, ಸಾಹೇಬರು ಎಲ್ಲಿದ್ದಾರೋ. ನನ್ನ ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ಆಕೆಯನ್ನು ಕಡೆಯ ಸಲ ಕಂಡದ್ದು ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ. ಆ ಊರಿನಲ್ಲಿ ತಂಗಿಯ ಮನೆಯಲ್ಲಿದ್ದರು. ನಮಸ್ಕಾರವೆಂದರೂ ಕೇಳಿಸಿಕೊಳ್ಳದೆ, "ಹುಡುಗ್ರು ಹೆಂಗದಾವ್ರಿ?" ಎಂದರು.

"ಹೊಸ ಟೀಚರ್ ಬಂದಾಳ್ರಿ. ಹುಡುಗ್ರು ಭಾಳ ಶಾಂತ ಆಗ್ಯಾವ. ಕೈ ಕಟ್ಟಿ ಕುಂತಿರ್ತಾವ."

"ಎಷ್ಟೊತ್ತು?"

"ಮನಿಗೆ ಬಿಡೋ ಮಟ."

ನನ್ನ ಬಸ್ಸು ಬಂತು. ಹತ್ತಿ ಕೂತೆ. ಆಕೆ ಕಿಟಕಿಯ ಬಳಿ ಬಂದು, ನಾನೇ ತಪ್ಪಿತಸ್ಥನೆಂಬಂತೆ ಗದರಿಸಿದರು:

"ನಾಕ್ ವರ್ಷದ ಹುಡುಗ್ರು ಸುಮ್ನ ಕುಂತಾವಂದ್ರ ಜ್ವರಾ ಬಂದಿರತಾವ್ರಿ ಮಾಸ್ತರ. ಯಾರಾದ್ರೂ ಹಣಿ ಮುಟ್ಟಿ ನೋಡೀರೇನು?"