ಕಿಟಕಿ ಗಾಜಿನ ನೋಟೀಸು

ದೊಡ್ಡ ಪಾರ್ಕಿನ ದಕ್ಷಿಣ ಬಾಗಿಲ ಕಿಟಕಿಯಲ್ಲಿ ಕೂತು ಇಪ್ಪತ್ತೇಳು ವರ್ಷದಿಂದ ಬಂದವರಿಗೆಲ್ಲ ದಾರಿ ಹೇಳುತ್ತಿದ್ದವನನ್ನು ಜನ ದಾರಿಯಣ್ಣ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಪಾರ್ಕೆಂದರೆ ಅಂಗೈ ಅಗಲದ್ದಲ್ಲ. ನಡುವೆ ಒಂದು ಕೆರೆ, ಕೆರೆಯ ಸೊಂಟಕ್ಕೆ ಅಡ್ಡಲಾಗಿ ಮರದ ಸೇತುವೆ, ಗುಲಾಬಿ ತೋಟ, ಮಕ್ಕಳ ಜಾರುಬಂಡಿ, ಐದು ಕಡೆ ಶೌಚಾಲಯ, ಹನ್ನೆರಡು ಕಡೆ ಕುಡಿಯುವ ನೀರಿನ ನಲ್ಲಿ, ಉತ್ತರ ಬಾಗಿಲ ಹತ್ತಿರ ಪ್ರಥಮ ಚಿಕಿತ್ಸೆಯ ಕೋಣೆ. ಇಷ್ಟೆಲ್ಲವನ್ನೂ ಬಿಟ್ಟಿಯಾಗಿ ಕೊಟ್ಟ ನಗರಸಭೆ, ಅವು ಎಲ್ಲಿವೆ ಎಂದು ಹುಡುಕುವ ಕಷ್ಟವನ್ನೂ ಧಾರಾಳವಾಗಿ ಜನರಿಗೇ ಬಿಟ್ಟುಕೊಟ್ಟಿತ್ತು. ಅದಕ್ಕೇ ದಾರಿಯಣ್ಣ.

ಗಿರಾಕಿ ಬಾಯಿ ತೆರೆಯುವ ಮೊದಲೇ ಅವನಿಗೆ ಏನು ಬೇಕೆಂದು ತಿಳಿಯುವವನೇ ಒಳ್ಳೆಯ ಅಂಗಡಿಯವನು. ದಾರಿಯಣ್ಣ ಆ ಜಾತಿಯವನು. ಬಿರಬಿರನೆ ಬಂದು ನಿಂತಲ್ಲೇ ಕಾಲು ಬದಲಿಸುವವರಿಗೆ ಎಡಕ್ಕೆ ಮೂವತ್ತು ಹೆಜ್ಜೆ. ಇಬ್ಬರು ಬಂದು ಒಬ್ಬರೇ ಮಾತಾಡಿದರೆ ಬಿದಿರು ಮೆಳೆಯ ಹಿಂದಿನ ಬೆಂಚು. ಮಕ್ಕಳನ್ನು ಗದರುತ್ತಾ ಬಂದವರಿಗೆ ಜಾರುಬಂಡಿ, ಅದಕ್ಕೂ ಮೊದಲು ನೀರಿನ ನಲ್ಲಿ. ಕೈಗೆ ಕೊಡುವ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಡುವುದು ಅವನ ಕ್ರಮ. ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಬಿಡಿಸಿದರೆ ಮಡಿಕೆಗಳು ಕೂಡುವ ಜಾಗ ಸರಿಯಾಗಿ ಸೇತುವೆ. ಅಲ್ಲಿಂದ ಒಂದು ಹೆಬ್ಬೆರಳು ಮೇಲಕ್ಕೆ ಪ್ರಥಮ ಚಿಕಿತ್ಸೆ, ಎರಡು ಬೆರಳು ಬಲಕ್ಕೆ ಗುಲಾಬಿ. ಉಗುರಿನಿಂದ ಮಡಿಕೆಯನ್ನು ಸವರಿ, ಗಿರಾಕಿಯ ಮುಖವನ್ನೇ ನೋಡುತ್ತಾ, ಕಾಗದದ ಕಡೆ ಕಣ್ಣನ್ನೂ ಹಾಯಿಸದೆ ಗೆರೆ ಎಳೆಯುತ್ತಿದ್ದ. ಜನ ಬೆರಗಾಗುತ್ತಿದ್ದರು.

ಬೆರಗಾಗುವಂಥದ್ದೇನೂ ಇರಲಿಲ್ಲ. ಕಾಗದದ ಕಡೆ ಕಣ್ಣು ಹಾಯಿಸಿದ್ದರೂ ಅವನಿಗೆ ಏನೂ ಕಾಣುತ್ತಿರಲಿಲ್ಲ.

ಎರಡು ವರ್ಷದ ಕೆಳಗೆ ನೋಟದ ನಟ್ಟನಡುವೆ ಒಂದು ಹೊಗೆಯ ಬಿಲ್ಲೆ ಬಂದು ಕೂತಿತ್ತು. ಅಂಚಿನಲ್ಲೆಲ್ಲ ಬೆಳಕು, ಮರ, ಓಡಾಡುವ ಕಾಲುಗಳು. ಯಾವುದನ್ನು ನೆಟ್ಟಗೆ ನೋಡುತ್ತಾನೋ ಅದು ಮಾತ್ರ ಮಾಯ. ದೂರದ ಬಡಾವಣೆಯ ಕಣ್ಣಿನ ಡಾಕ್ಟರು, ಇದು ಕನ್ನಡಕಕ್ಕೆ ಬಗ್ಗುವುದಲ್ಲ, ಬಿಲ್ಲೆ ಇನ್ನೂ ದೊಡ್ಡದಾಗುತ್ತದೆ ಎಂದಿದ್ದರು. ದಾರಿಯಣ್ಣ ಆ ಚೀಟಿಯನ್ನು ಬಸ್ಸಿನ ಕಿಟಕಿಯಿಂದ ಹಾರಿಬಿಟ್ಟು ಮನೆಗೆ ಬಂದ. ನಿವೃತ್ತಿಗೆ ಆಗ ಇನ್ನೂ ನಾಲ್ಕೂವರೆ ವರ್ಷ ಉಳಿದಿತ್ತು. ಸಸಿತೋಟದ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಕಿಟಕಿಯಿಂದ ಎಬ್ಬಿಸಿದರೆ ಗಂಡಹೆಂಡಿರು ಪೆಟ್ಟಿಗೆ ಹೊತ್ತು ಎಲ್ಲಿಗೆ ಹೋಗಬೇಕು? ಊರಿಗೆಲ್ಲ ದಾರಿ ಹೇಳುವವನ ಹತ್ತಿರ ಆ ಒಂದಕ್ಕೆ ಮಾತ್ರ ಉತ್ತರವಿರಲಿಲ್ಲ. ಹಾಗಾಗಿ ಬಾಯಿ ಬಿಡಲಿಲ್ಲ. ಪಾರ್ಕು ತಲೆಯೊಳಗಿತ್ತು, ತಲೆಯೊಳಗಿನ ಪಾರ್ಕಿಗೆ ಕಣ್ಣೇಕೆ?

ಕಷ್ಟವೆಂದರೆ, ತಲೆಯೊಳಗಿನ ಪಾರ್ಕಿನಲ್ಲಿ ರಿಪೇರಿ ನಡೆಯುವುದಿಲ್ಲ.

ಕಿಟಕಿಗೆ ತಾಗಿದ ತಗಡಿನ ಕೊಠಡಿಯಲ್ಲಿ ಗಾಲಿಕುರ್ಚಿಗಳಿದ್ದವು. ನಡೆಯಲಾರದವರಿಗೆ ಗುರುತಿನ ಚೀಟಿ ಇಟ್ಟುಕೊಂಡು ಕುರ್ಚಿ ಕೊಡುವುದು, ಸಂಜೆ ಗಾಲಿಯ ಮಣ್ಣು ಒರೆಸಿ ಸಾಲಾಗಿ ನಿಲ್ಲಿಸುವುದು ಒಬ್ಬ ಹೆಂಗಸಿನ ಕೆಲಸ. ಎಲ್ಲರ ಬಾಯಲ್ಲೂ ಅವಳು ಕುರ್ಚಿಯಮ್ಮ. ದಿನಗೂಲಿಯವಳು, ಓದುವ ಇಬ್ಬರು ಹೆಣ್ಣುಮಕ್ಕಳ ತಾಯಿ. ಗಂಡ ಇದ್ದೂ ಇಲ್ಲದವನು. ಕಚೇರಿಯಿಂದ ಬಂದ ನೋಟೀಸುಗಳನ್ನು ಅಂಟಿಸುವುದೂ ಅವಳ ಪಾಲಿಗೇ ಬಿದ್ದಿತ್ತು. ಆ ಸೋಮವಾರ ಬೆಳಿಗ್ಗೆ, ದಾರಿಯಣ್ಣ ಬರುವ ಮೊದಲೇ, ಅವನ ಕಿಟಕಿಯ ಗಾಜಿಗೆ ಹೊರಗಿನಿಂದ ಒಂದು ಕಾಗದ ಅಂಟಿಸಿದಳು. ಸೇತುವೆಯ ಹಲಗೆ ಕೊಳೆತಿದೆ, ಕಿತ್ತು ಹೊಸದು ಹಾಕುತ್ತಿದ್ದೇವೆ, ತಿಂಗಳ ಕೊನೆಯವರೆಗೂ ಕೆರೆಯನ್ನು ಸುತ್ತಿಕೊಂಡೇ ಹೋಗಿ ಎಂಬುದು ಅದರ ಸಾರಾಂಶ.

ದಾರಿಯಣ್ಣ ಬಂದು ಕೂತಾಗ ಗಾಜಿನ ಎಡಮೂಲೆ ಕೊಂಚ ಮಂಕಾಗಿದ್ದುದು ಅವನ ಗಮನಕ್ಕೂ ಬಂತು. ಕಳೆದುಹೋದ ಬೆಕ್ಕು, ಯಾವುದೋ ಸಂಗೀತ ಪಾಠ, ಯಾರದೋ ಬಾಡಿಗೆ ಕೋಣೆ, ಇಂಥವನ್ನು ಯಾರಾದರೂ ಅಂಟಿಸಿ ಹೋಗುವುದು ಇದ್ದದ್ದೇ. ಅವನು ಕೇಳಲಿಲ್ಲ. ಕುರ್ಚಿಯಮ್ಮನೂ ಹೇಳಲಿಲ್ಲ. ಅವನ ಕಿಟಕಿಯ ಮೇಲೆ ಏನು ಬರೆದಿದೆ ಎಂದು ಅವನಿಗೇ ಹೇಳುವುದೆಂದರೆ ಅಡುಗೆಯವಳಿಗೆ ಉಪ್ಪಿನ ಡಬ್ಬಿ ತೋರಿಸಿದಂತೆ.

ಮೂರು ದಿನ ಏನೂ ಆಗಲಿಲ್ಲ. ಸೇತುವೆ ಹಾದು ಹೋಗಿ ಎಂದು ಅವನು ಹೇಳಿದಾಗ ಕೆಲವರು ಗಾಜಿನ ಮೇಲಿನ ಕಾಗದವನ್ನೂ ಅವನ ಮುಖವನ್ನೂ ನೋಡಿ, ಬಹುಶಃ ಇನ್ನೊಂದು ಸೇತುವೆ ಇರಬೇಕು ಎಂದುಕೊಂಡು ಸುಮ್ಮನೆ ಹೋದರು. ಬಿಟ್ಟಿ ಸಿಕ್ಕ ಮಾತಿನ ಮೇಲೆ ಜನ ಜಗಳಕ್ಕೆ ಬರುವುದಿಲ್ಲ.

ಗುರುವಾರ ಮಧ್ಯಾಹ್ನ ಒಬ್ಬ ಓಡಿಬಂದ. ಓಟದ ಸದ್ದಿನಲ್ಲೇ ದಾರಿಯಣ್ಣನಿಗೆ ಇದು ಶೌಚಾಲಯದ ಓಟವಲ್ಲ ಎಂದು ತಿಳಿಯಿತು. ಅಮ್ಮ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದಾರೆ, ಮಾತು ತೊದಲುತ್ತಿದೆ, ಬಾಯಿ ಒಂದು ಕಡೆ ಎಳೆಯುತ್ತಿದೆ, ನರ್ಸು ಎಲ್ಲಿ ಸಿಗುತ್ತಾರೆ ಎಂದು ಆ ಮಗ ಒಂದೇ ಉಸಿರಿನಲ್ಲಿ ಕೇಳಿದ.

"ಉತ್ತರದ ಬಾಗಿಲು. ಸೇತುವೆ ಹಿಡೀರಿ, ಐದು ನಿಮಿಷ. ಸುತ್ತಿ ಹೋಗ್ಬೇಡಿ, ಇಪ್ಪತ್ತು ನಿಮಿಷ ಆಗುತ್ತೆ. ಪಕ್ಕದಲ್ಲೇ ವೀಲ್‌ಚೇರು ಇದೆ, ತಗೊಳ್ಳಿ."

ಕಣ್ಣಿದ್ದಾಗಲೂ ಇಷ್ಟು ಚುರುಕಾಗಿ ಅವನು ಹೇಳಿರಲಿಲ್ಲ. ಕುರ್ಚಿಯಮ್ಮ ಗುರುತಿನ ಚೀಟಿಯನ್ನೂ ಕೇಳದೆ ಕುರ್ಚಿ ಹೊರಗೆ ತಳ್ಳಿದಳು, ಮುದುಕಿಯನ್ನು ಕೂರಿಸಿ ಸೊಂಟಕ್ಕೆ ಪಟ್ಟಿ ಬಿಗಿದಳು. ಸೇತುವೆಗೂ ಸುತ್ತುದಾರಿಗೂ ಮೊದಲ ಇನ್ನೂರು ಹೆಜ್ಜೆ ಒಂದೇ ಆದ್ದರಿಂದ, ಅವನು ಎತ್ತ ಹೊರಟಿದ್ದಾನೆಂದು ಅವಳಿಗೆ ತಿಳಿಯಲಿಲ್ಲ.

ಸೇತುವೆಯ ಬಾಯಲ್ಲಿ ಅಡ್ಡಗಂಬ ಕಟ್ಟಿತ್ತು. ಅದರಾಚೆ ಹಲಗೆಯಿಲ್ಲದ ಬರೀ ತೊಲೆಗಳು. ಆ ಮಗ ಅಲ್ಲಿಂದ ತಿರುಗಿ, ಜಲ್ಲಿಯ ದಾರಿಯಲ್ಲಿ ಕುರ್ಚಿ ತಳ್ಳುತ್ತಾ ಕೆರೆಯನ್ನು ಪೂರ್ತಿ ಸುತ್ತಿದ. ನರ್ಸು ಫೋನು ಮಾಡಿ ಆಂಬುಲೆನ್ಸು ಕರೆಸುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಶುಕ್ರವಾರ ಬೆಳಿಗ್ಗೆ ದೂರು ಬಂತು. ತಾಯಿಯ ಜೀವ ಉಳಿದಿದೆ, ಬಲಗೈ ಬಲಗಾಲು ಬಿದ್ದುಹೋಗಿದೆ, ಮಾತಿಲ್ಲ. ಸ್ವಲ್ಪ ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಮುಚ್ಚಿದ ಸೇತುವೆಗೆ ನಮ್ಮನ್ನು ಕಳಿಸಿದ್ದು ಯಾರು ಎಂದು ಮಗ ಬರೆದಿದ್ದ. ಸೂಪರ್‌ವೈಸರು ಇಬ್ಬರನ್ನೂ ಕರೆಸಿದ. ಅವನ ಲೆಕ್ಕಾಚಾರ ಬಹಳ ಸರಳ: ಇಪ್ಪತ್ತೇಳು ವರ್ಷದಲ್ಲಿ ಒಂದು ಗೆರೆ ತಪ್ಪದ ಮನುಷ್ಯ ದಾರಿಯಣ್ಣ. ಗಾಜಿನ ಮೇಲೆ ನೋಟೀಸಿದ್ದಿದ್ದರೆ ಅವನು ಸೇತುವೆ ತೋರಿಸುತ್ತಿರಲಿಲ್ಲ. ತೋರಿಸಿದ್ದಾನೆ, ಅಂದಮೇಲೆ ನೋಟೀಸು ಇರಲಿಲ್ಲ. ಕುರ್ಚಿಯಮ್ಮ ಅದನ್ನು ಸೋಮವಾರ ಅಂಟಿಸದೆ, ಅನಾಹುತ ಆದಮೇಲೆ ತಂದು ಅಂಟಿಸಿದ್ದಾಳೆ. ಹೆಸರಾದ ಅಂಗಡಿಯಲ್ಲಿ ಹುಳುಕು ಬೇಳೆಯೂ ಮಾರಾಟವಾಗುತ್ತದೆ. ದೋಷ ಹೊರುವವನು ಚೀಲ ಹೊತ್ತು ತಂದವನು.

ಸೋಮವಾರವೇ ಅಂಟಿಸಿದೆ ಎಂದು ಅವಳು ಮಕ್ಕಳ ಮೇಲೆ ಆಣೆ ಮಾಡಿದಳು. ಕೊನೆಗೆ ದಾರಿಯಣ್ಣನ ಕಡೆ ತಿರುಗಿದಳು.

"ಅಣ್ಣ, ನೀವೇ ಹೇಳಿ. ನಿಮ್ಮ ಗಾಜಿನ ಮೇಲೇ ಇತ್ತಲ್ಲ."

ಎಡಮೂಲೆಯ ಮಂಕು ಅವನ ನೆನಪಿಗೆ ಬಂತು. "ನಾನು ನೋಡ್ಲಿಲ್ಲ," ಎಂದ.

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಒಟ್ಟು ಮಾತು ಮಾತ್ರ ಸುಳ್ಳು. ಮಧ್ಯಾಹ್ನದೊಳಗೆ ಕುರ್ಚಿಯಮ್ಮ ಕೊಠಡಿಯ ಬೀಗದ ಕೈ ಒಪ್ಪಿಸಿ ಹೋದಳು.

ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವೂ ಆಗಲೇ ಗೊತ್ತಾಗಿತ್ತು. ಸಸಿತೋಟದ ಮಾಲಿಗಳಿರುವ ಕಡೆ ಸುದ್ದಿಗೆ ನೀರು ಗೊಬ್ಬರ ಬೇಕಾಗುವುದಿಲ್ಲ. ಅವಳು ಅನ್ನ ಬಡಿಸಿ ಎದುರಿಗೆ ಕೂತಳು.

"ಅವಳು ಸೋಮವಾರವೇ ಅಂಟಿಸಿದ್ದಾಳೆ. ತರಕಾರಿಗೆ ಹೋದಾಗ ನಾನೇ ಓದಿದ್ದೀನಿ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಹಾಗಾದರೆ ನನಗೇಕೆ ಹೇಳಲಿಲ್ಲ ಎಂದು ಕೇಳಿದ.

"ನಿಮ್ಮ ಕಣ್ಣು ಹೋಗಿದೆ ಅಂತ ನೀವು ನನಗೆ ಹೇಳಿದ್ರಾ? ತಟ್ಟೇಲಿ ಸೀದ ಅನ್ನ ಆರಿಸಿ ಪಕ್ಕಕ್ಕಿಡೋದನ್ನ ನೀವು ನಿಲ್ಲಿಸಿ ಎರಡು ವರ್ಷ ಆಯ್ತು. ಮೊದಮೊದಲು, ಪರವಾಗಿಲ್ಲ, ಗಂಡನಿಗೆ ಬುದ್ಧಿ ಬಂತು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ನೀವಾಗೇ ಹೇಳ್ಲಿ ಅಂತ ಕಾದೆ."

ನೋಟೀಸು ಓದಿದ ದಿನ, ಸೇತುವೆಯ ವಿಷಯ ಹೇಳೋಣವೆಂದು ಅವಳ ಬಾಯಿಗೆ ಬಂದಿತ್ತಂತೆ. ಹೇಳಿದರೆ ಕಣ್ಣಿನ ಮಾತೂ ಹೊರಗೆ ಬೀಳುತ್ತದೆ, ಗಂಡನಿಗೆ ಅವಮಾನವಾದೀತು ಎಂದು ನುಂಗಿಕೊಂಡಳಂತೆ. ಮಾನ ಕಾಯುವುದಕ್ಕೆ ಮನೆಯಲ್ಲಿ ಇಬ್ಬರೂ ನಿಂತಿದ್ದರು. ಅದರ ಬೆಲೆ ತೆತ್ತದ್ದು ಎಲ್ಲಿಯೋ ಕೂತಿದ್ದ ಮುದುಕಿ. ಅವಳು ಅವನ ತಟ್ಟೆಯಿಂದ ಸೀದ ಅನ್ನವನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಶನಿವಾರ ಅವನು ಸೂಪರ್‌ವೈಸರನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಇದ್ದದ್ದು ಇದ್ದ ಹಾಗೆ ಹೇಳಿದ. ಸೂಪರ್‌ವೈಸರು ಕೆಟ್ಟವನೇನಲ್ಲ, ಕುರ್ಚಿಯ ಮೇಲೆ ಕೂತವನು ಅಷ್ಟೇ. ಕುರ್ಚಿಯನ್ನು ಹತ್ತಿರಕ್ಕೆಳೆದು, ದನಿ ತಗ್ಗಿಸಿದ.

"ವರದಿ ಮೇಲಕ್ಕೆ ಹೋಗಿಬಿಟ್ಟಿದೆ. ಕಣ್ಣು ಕಾಣದವರನ್ನ ಕಿಟಕೀಲಿ ಕೂರಿಸಿದ್ದು ಯಾರು ಅಂತ ಕೇಳಿದ್ರೆ ನಾನೇನು ಹೇಳ್ಲಿ? ಅವಳಿಗೆ ಎಲ್ಲಾದ್ರೂ ಕೆಲಸ ಸಿಗುತ್ತೆ. ನಿಮಗೆ ಸಿಗುತ್ತಾ? ಎರಡೂವರೆ ವರ್ಷ ಹೇಗೋ ತಳ್ಳಿಬಿಡಿ. ಹೊಸ ನೋಟೀಸು ಬಂದ್ರೆ ನಾನೇ ಬಂದು ಓದಿ ಹೇಳ್ತೀನಿ."

ಇಷ್ಟು ಅಗ್ಗಕ್ಕೆ ಇಂಥ ಸರಕು ಎಲ್ಲಿಯೂ ಸಿಗುವುದಿಲ್ಲ. ದಾರಿಯಣ್ಣ ಕೊಂಡುಕೊಂಡ. ಕೈಮುಗಿದು ಹೊರಬಂದು ಕಿಟಕಿಯಲ್ಲಿ ಕೂತ. ಹೇಳಬೇಕಾದ್ದನ್ನು ಹೇಳಿಯಾಯಿತು, ಕೇಳಬೇಕಾದವರು ಕೇಳಿದರು, ಇನ್ನು ನನ್ನ ಕೈಯಲ್ಲೇನಿದೆ ಎಂದು ಭಾನುವಾರ ಪೂರ್ತಿ ತನಗೆ ತಾನೇ ಒಪ್ಪಿಸಿದ. ಭಾನುವಾರ ಜನಸಂದಣಿ. ಅವನು ಗೆರೆಯ ಮೇಲೆ ಗೆರೆ ಎಳೆದ. ಪ್ರತಿ ಗೆರೆಯನ್ನೂ ಮಡಿಕೆಯ ನಡುವಿಗೆ ತಾಗದಂತೆ ಸುತ್ತಿಸಿದ. ಪಕ್ಕದ ಕೊಠಡಿಗೆ ಬೀಗ. ಗಾಲಿಕುರ್ಚಿ ಕೇಳಿ ಬಂದ ಏಳು ಮಂದಿಗೆ ಇಲ್ಲವೆಂದು ಹೇಳಬೇಕಾಯಿತು. ಏಳನೆಯವಳು, ಹೋದ ವಾರ ಇಲ್ಲೊಬ್ಬರು ಅಮ್ಮ ಇದ್ದರಲ್ಲ, ನಮ್ಮ ಮಾವನಿಗೆ ದಿಂಬು ಇಟ್ಟು ಕೂರಿಸುತ್ತಿದ್ದರು, ಅವರೆಲ್ಲಿ ಎಂದು ಕೇಳಿದಳು. ಅವನು ನಕ್ಷೆಯೊಂದನ್ನು ಮಡಿಸಿ ಅವಳ ಕೈಗೆ ಕೊಟ್ಟ.

ಸೋಮವಾರ ಕಿಟಕಿಯ ಮುಂದೆ ಯಾರೋ ಬಂದು ಸುಮ್ಮನೆ ನಿಂತರು. ಕಾಲು ಬದಲಿಸುತ್ತಿಲ್ಲ, ಪಿಸುಗುಡುತ್ತಿಲ್ಲ. ಏನು ಬೇಕಿತ್ತು ಎಂದು ದಾರಿಯಣ್ಣ ಎಂದಿನ ನಗೆಮುಖದಲ್ಲಿ ಕೇಳಿದ.

"ಗುರ್ತು ಸಿಗ್ಲಿಲ್ವಾ?" ಎಂದಿತು ಆ ಮಗನ ದನಿ.

ತಪ್ಪು ಮಾಡಿದ ಹೆಂಗಸನ್ನು ತೆಗೆದುಹಾಕಿದ್ದೇವೆ ಎಂದು ಕಚೇರಿಯಿಂದ ಅವನಿಗೆ ಕಾಗದ ಹೋಗಿತ್ತು. ಅದನ್ನು ಕೈಯಲ್ಲಿ ಹಿಡಿದು ಬಂದಿದ್ದ. ಅಮ್ಮನಿಗೆ ಪಟ್ಟಿ ಬಿಗಿದು, ತನ್ನ ಸೆರಗಿನಿಂದ ಬಾಯಿ ಒರೆಸಿದವಳು ಅವಳೇ ಅಲ್ಲವೇ, ಅವಳು ನನಗೆ ದಾರಿಯನ್ನೇ ಹೇಳಲಿಲ್ಲವಲ್ಲ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾಲ್ಕು ದಿನ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕಾದವನಿಗೆ ಸಿಟ್ಟಿಗೂ ಶಕ್ತಿ ಉಳಿಯುವುದಿಲ್ಲ.

ದಾರಿಯಣ್ಣ ಪೆನ್ಸಿಲು ಕೆಳಗಿಟ್ಟ.

"ನಿಮ್ಮ ಮುಖ ನನಗೆ ಕಾಣ್ತಿಲ್ಲ ಸ್ವಾಮಿ. ಅವತ್ತೂ ಕಂಡಿರ್ಲಿಲ್ಲ. ಈ ಗಾಜಿನ ಮೇಲಿದ್ದ ನೋಟೀಸೂ ಕಂಡಿರ್ಲಿಲ್ಲ. ಅವಳು ಸೋಮವಾರವೇ ಅಂಟಿಸಿದ್ಳು."

ಮಗ ಕೈಯಲ್ಲಿದ್ದ ಕಾಗದವನ್ನು ಮಗುಚಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಹಿಂದೆ ನಿಂತಿದ್ದವರು ಯಾರೋ ಕೆಮ್ಮಿದರು.

"ಬರ್ದು ಕೊಡ್ತೀರಾ?" ಎಂದು ಮಗ ಕೇಳಿದ.

"ನೀವೇ ಬರೀರಿ. ರುಜು ಎಲ್ಲಿ ಹಾಕ್ಬೇಕು ಅಂತ ನನ್ನ ಬೆರಳು ಹಿಡಿದು ತೋರ್ಸಿ."

ಆ ಕಾಗದ ಮುಖ್ಯ ಕಚೇರಿಗೆ ಹೋಯಿತು. ಮುಂದಿನ ಕೆಲಸಗಳನ್ನು ಕಚೇರಿ ಎಂದೂ ಇಲ್ಲದ ಚುರುಕಿನಿಂದ ಮುಗಿಸಿತು. ಸೂಪರ್‌ವೈಸರನ್ನು ಸ್ಮಶಾನಗಳ ವಿಭಾಗಕ್ಕೆ ಹಾಕಿದರು. ಕುರ್ಚಿಯಮ್ಮನನ್ನು ಕರೆಸಿ ಬೀಗದ ಕೈ ಕೊಟ್ಟರು, ಹೋದ ದಿನಗಳ ಕೂಲಿ ಕೊಡಲಿಲ್ಲ. ದಾರಿಯಣ್ಣನಿಗೆ ತಿಂಗಳ ಕೊನೆಯೊಳಗೆ ಕ್ವಾರ್ಟರ್ಸು ಬಿಡಲು ಹೇಳಿದರು. ಹೆಂಡತಿಯ ಅಕ್ಕ ಊರಾಚೆಯ ತನ್ನ ಮನೆಯಲ್ಲಿ ಒಂದು ಕೋಣೆ ಕೊಡುತ್ತೇನೆಂದಳು. ಎಷ್ಟು ದಿನಕ್ಕೆ ಎಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಆ ಮುದುಕಿಯ ಮಾತು ಮಾತ್ರ ಮರಳಲಿಲ್ಲ.

ಹೊರಡುವ ದಿನ ಸಾಮಾನಿನ ಗಾಡಿಯನ್ನು ಹೆಂಡತಿಯ ಜೊತೆ ಮುಂದೆ ಕಳಿಸಿ, ಅವನು ದಕ್ಷಿಣ ಬಾಗಿಲಿಗೆ ಹೋದ. ಕುರ್ಚಿಯಮ್ಮ ಕುರ್ಚಿಯೊಂದನ್ನು ತಲೆಕೆಳಗು ಮಾಡಿ ಗಾಲಿಗೆ ಎಣ್ಣೆ ಬಿಡುತ್ತಿದ್ದಳು; ಎಣ್ಣೆಯ ವಾಸನೆಯಿಂದ ಗೊತ್ತಾಯಿತು. ಅವನು ತಪ್ಪಾಯಿತೆಂದ. ಅವಳು ಗಾಲಿ ತಿರುಗಿಸುತ್ತಲೇ ಇದ್ದಳು.

"ಮಕ್ಕಳ ಮೇಲೆ ಆಣೆ ಮಾಡಿದ್ದೆ. ದೊಡ್ಡವಳಿಗೆ ಈಗ್ಲೂ ಅನುಮಾನ, ಅಮ್ಮ ಸುಳ್ಳು ಆಣೆ ಮಾಡಿರ್ಬಹುದು ಅಂತ. ಕೆಲಸ ವಾಪಸ್ ಕೊಟ್ರು. ಇದನ್ನ ಯಾರು ವಾಪಸ್ ಕೊಡ್ತಾರೆ?"

ನಾನೇ ಬಂದು ಮಗುವಿಗೆ ಹೇಳುತ್ತೇನೆ ಎಂದ. ಬೇಡ ಎಂದಳು. ನಿಮ್ಮ ಮಾತಿಗೆ ಬಹಳ ಬೆಲೆ, ಅದರಿಂದಲೇ ಇಷ್ಟೆಲ್ಲ ಆಗಿದ್ದು ಎಂದು ನಿಧಾನವಾಗಿ ಹೇಳಿದಳು.

ಅಷ್ಟರಲ್ಲಿ ಕೋಲೂರಿಕೊಂಡು ಬಂದ ಯಾರೋ ಮುಚ್ಚಿದ ಕಿಟಕಿಯ ಮುಂದೆ ನಿಂತು, ಹತ್ತಿರದಲ್ಲಿ ನೀರಿನ ನಲ್ಲಿ ಎಲ್ಲಿದೆ ಎಂದು ಕೇಳಿದರು. ಬಲಕ್ಕೆ ನಲವತ್ತು ಹೆಜ್ಜೆ, ಆಮೇಲೆ ಎರಡು ಮೆಟ್ಟಿಲು. ಉತ್ತರ ದಾರಿಯಣ್ಣನ ನಾಲಗೆಯ ತುದಿಯವರೆಗೂ ಬಂದಿತ್ತು. ಅವನು ಬಾಯಿ ಮುಚ್ಚಿಕೊಂಡು ನಿಂತ. ಕುರ್ಚಿಯಮ್ಮ ಕೈ ಒರೆಸಿಕೊಂಡು ಎದ್ದು, ಬಲಗಡೆಯ ನಲ್ಲಿ ಕೆಟ್ಟು ಎರಡು ತಿಂಗಳಾಯಿತು, ಬನ್ನಿ ಇನ್ನೊಂದನ್ನು ತೋರಿಸುತ್ತೇನೆ ಎಂದು ಅವರನ್ನು ಕರೆದುಕೊಂಡು ಹೋದಳು.